ವಿಲಿಯಮ್ಸೋ ಆಮರ್ಸ್ಟೋ: ಒಂದು ಏಪ್ರಿಲ್ ತಿಂಗಳ ಲೆಕ್ಕಾಚಾರ

ಅಮೆರಿಕದ ಪೂರ್ವ ಕರಾವಳಿಯಲ್ಲಿ ಸಂಜೆ ಏಳು ಅಂದರೆ ಮಾರ್ಚ್ ಕೊನೆಯಲ್ಲಿ ನಮ್ಮಲ್ಲಿ ಬೆಳಗಿನ ಜಾವ ನಾಲ್ಕೂವರೆ. ಅಲ್ಲಿಯ ಕಾಲೇಜುಗಳ ಪ್ರವೇಶದ ಫಲಿತಾಂಶಗಳು ಬರುವುದು ಆ ಹೊತ್ತಿಗೇ. 2025ರಲ್ಲಿ ನಮ್ಮ ಹುಡುಗಿಗೆ ಎರಡು ಕಡೆಯಿಂದ ಸೀಟು ಬಂತು, ಎರಡೂ ಕಡೆ ಸ್ಕಾಲರ್‌ಶಿಪ್ ಇತ್ತು. ಖುಷಿ ಎರಡು ದಿನ ಇತ್ತು. ಮೂರನೆಯ ದಿನ ಶುರುವಾದ ತಲೆನೋವು ಏಪ್ರಿಲ್ ಇಪ್ಪತ್ತರವರೆಗೆ ಬಿಡಲಿಲ್ಲ. ಮೇ 1ರೊಳಗೆ ಒಂದನ್ನು ಒಪ್ಪಿ ಇನ್ನೊಂದನ್ನು ಬಿಡಬೇಕು. ವಿಲಿಯಮ್ಸ್, ಆಮರ್ಸ್ಟ್ ಎಂಬ ಆ ಎರಡು ಕಾಲೇಜುಗಳೋ, ಅವಳಿ ಮಕ್ಕಳ ಹಾಗೆ.

ಹಾಗೆನ್ನುವುದಕ್ಕೆ ಕಾರಣವೂ ಇದೆ. ವಿಲಿಯಮ್ಸ್ ಕಾಲೇಜು ಶುರುವಾದದ್ದು 1793ರಲ್ಲಿ, ಮ್ಯಾಸಚೂಸೆಟ್ಸ್ ರಾಜ್ಯದ ವಾಯವ್ಯ ಮೂಲೆಯ ಬೆಟ್ಟಗಳ ನಡುವೆ. ಊರು ತೀರಾ ಮೂಲೆ ಎಂದು ಅದರ ಅಧ್ಯಕ್ಷರಾಗಿದ್ದ ಜೆಫಾನಾಯಾ ಸ್ವಿಫ್ಟ್ ಮೂರ್ 1821ರಲ್ಲಿ ಕೆಲವು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಹೊರಟು ಬಂದರು. ಅವರು ಮೊದಲ ಅಧ್ಯಕ್ಷರಾಗಿ ನಿಂತ ಹೊಸ ಕಾಲೇಜೇ ಆಮರ್ಸ್ಟ್. (ಹೆಸರಿನ ನಡುವೆ 'ಹ' ಬರೆಯುತ್ತಾರೆ, ಊರಿನವರು ಉಚ್ಚರಿಸುವುದಿಲ್ಲ.) ಇಂದಿಗೂ ಎರಡರಲ್ಲೂ ಸುಮಾರು ಎರಡು ಸಾವಿರ ವಿದ್ಯಾರ್ಥಿಗಳು, ಹೆಚ್ಚುಕಡಿಮೆ ಎಲ್ಲರೂ ಪದವಿಯವರೇ. ಎರಡರಲ್ಲೂ ನಾಲ್ಕು ವರ್ಷಕ್ಕೆ 32 ಕೋರ್ಸು, ಎರಡನೆಯ ವರ್ಷದ ಕೊನೆಯವರೆಗೂ ಮೇಜರ್ (ಮುಖ್ಯ ವಿಷಯ) ಘೋಷಿಸಬೇಕಾಗಿಲ್ಲ. ಪೂರ್ಣ ವೆಚ್ಚ ಎರಡರಲ್ಲೂ ವರ್ಷಕ್ಕೆ 90 ಸಾವಿರ ಡಾಲರ್ ದಾಟುತ್ತದೆ. ಕುಟುಂಬಕ್ಕೆ ಎಷ್ಟು ಕಡಿಮೆ ಬೀಳುತ್ತದೆಂದು ತಾವೇ ಲೆಕ್ಕ ಹಾಕಿ ಅಷ್ಟನ್ನೂ ತುಂಬಿಕೊಡುತ್ತೇವೆ ಎನ್ನುವ ನೀತಿಯೂ ಎರಡರದ್ದೂ ಒಂದೇ. ರ‍್ಯಾಂಕಿಂಗ್ ಪಟ್ಟಿ ನೋಡಿದರೆ ಒಂದು ವರ್ಷ ಇದು ಮೇಲೆ, ಇನ್ನೊಂದು ವರ್ಷ ಅದು. ಆ ಪಟ್ಟಿಯನ್ನು ಮೊದಲ ದಿನವೇ ಬದಿಗಿಟ್ಟುಬಿಡಿ. ನೂರರ ಆಚೆಯ ಕಾಲೇಜಿಗೂ ಹತ್ತರೊಳಗಿನದಕ್ಕೂ ವ್ಯತ್ಯಾಸ ತೋರಿಸಲು ಅದು ಸಾಕು, ಇವೆರಡರ ನಡುವೆ ಅದರಿಂದ ಏನೂ ತಿಳಿಯುವುದಿಲ್ಲ.

ದುಡ್ಡಿನಿಂದ ಶುರುಮಾಡಿ. ಮೊದಲು ಕೋರ್ಸು, ಆಮೇಲೆ ದುಡ್ಡು ಎಂದುಕೊಂಡವರು ಏಪ್ರಿಲ್ ಕೊನೆಗೆ ಪೇಚಿಗೆ ಸಿಗುತ್ತಾರೆ. ಕಾಲೇಜು ಎಷ್ಟು ಕೊಡುತ್ತದೆ, ನೀವೆಷ್ಟು ಕಟ್ಟಬೇಕು ಎಂದು ತಿಳಿಸುವ ನೆರವಿನ ಪತ್ರದ ಬಗ್ಗೆ ಪ್ರಶ್ನೆ ಕೇಳಿದರೆ ಉತ್ತರ ಬರಲು ವಾರ ಹಿಡಿಯುತ್ತದೆ.

ಪತ್ರ ಓದುವುದು ಹೇಗೆ ಎನ್ನುವುದಕ್ಕೆ ಎರಡು ಮಾದರಿ ಪತ್ರ ಇಟ್ಟುಕೊಳ್ಳೋಣ. ಇವು ಯಾವ ಕಾಲೇಜಿನವೂ ಅಲ್ಲ, ಅಂಕಿಗಳು ವಿವರಣೆಗೆ ಮಾತ್ರ. ಮೊದಲ ಪತ್ರದಲ್ಲಿ ಒಟ್ಟು ವೆಚ್ಚ 91,000 ಡಾಲರ್, ಸ್ಕಾಲರ್‌ಶಿಪ್ 77,000, ಕ್ಯಾಂಪಸ್ ಕೆಲಸ 2,600, ನೀವು ಕಟ್ಟಬೇಕಾದದ್ದು 11,400. ಎರಡನೆಯದರಲ್ಲಿ ಒಟ್ಟು 94,000, ಸ್ಕಾಲರ್‌ಶಿಪ್ 78,500, ನಿಮ್ಮ ಪಾಲು 15,500. ಮೊದಲನೆಯದೇ ಅಗ್ಗ ಎಂದು ಯಾರಿಗಾದರೂ ಅನಿಸುತ್ತದೆ. ಈಗ ಸಾಲು ಸಾಲು ನೋಡಿ. ಮೊದಲ ಪತ್ರದ ಒಟ್ಟು ವೆಚ್ಚದಲ್ಲಿ ಆರೋಗ್ಯ ವಿಮೆಯ ಸಾಲೇ ಇಲ್ಲ, ಅದೊಂದು 3,000 ಡಾಲರ್. ಕ್ಯಾಂಪಸ್ ಕೆಲಸದ 2,600 ಎಂಬುದು ಸಹಾಯಧನ ಅಲ್ಲ. ಲೈಬ್ರರಿಯಲ್ಲೋ ಊಟದ ಹಾಲ್‌ನಲ್ಲೋ ದುಡಿದಂತೆ ಎರಡು ವಾರಕ್ಕೊಮ್ಮೆ ಕೈಗೆ ಬರುವ ಸಂಬಳ ಅದು, ಆಗಸ್ಟ್ ಬಿಲ್ಲಿಗೆ ಆಗುವುದಿಲ್ಲ. ಎರಡನ್ನೂ ಸೇರಿಸಿದರೆ ಮೊದಲ ಕಾಲೇಜು 17,000ಕ್ಕೆ ನಿಲ್ಲುತ್ತದೆ. ಎರಡನೆಯದರಲ್ಲಿ ವಿಮೆ ಒಳಗೇ ಇದೆ, ಕೆಲಸದ ಸಾಲಿಲ್ಲ. ಹಾಗಾಗಿ ದುಬಾರಿ ಕಂಡದ್ದು ವರ್ಷಕ್ಕೆ 1,500 ಡಾಲರ್ ಅಗ್ಗ, ನಾಲ್ಕು ವರ್ಷಕ್ಕೆ ನಮ್ಮ ಲೆಕ್ಕದಲ್ಲಿ ಐದು ಲಕ್ಷ.

ಇದಕ್ಕಾಗಿ ಒಂದು ಎಕ್ಸೆಲ್ ಹಾಳೆ ತೆರೆದು ಹನ್ನೊಂದು ಸಾಲು ಬರೆದುಕೊಳ್ಳಿ: ಬೋಧನಾ ಶುಲ್ಕ, ಇತರ ಶುಲ್ಕ, ಕೋಣೆ, ಊಟ, ಪುಸ್ತಕ, ವಿಮೆ, ಪ್ರಯಾಣ, ಕೈಖರ್ಚು, ಸ್ಕಾಲರ್‌ಶಿಪ್, ಕೆಲಸ, ಸಾಲ. ಯಾವ ಪತ್ರದಲ್ಲಿ ಯಾವ ಸಾಲು ಖಾಲಿಯೋ ಅದನ್ನು ಇಮೇಲ್‌ನಲ್ಲಿ ಕೇಳಿ. ವಿಲಿಯಮ್ಸ್ 2022ರಿಂದ ಸಾಲವನ್ನೂ ಕ್ಯಾಂಪಸ್ ಕೆಲಸದ ನಿರೀಕ್ಷೆಯನ್ನೂ ನೆರವಿನ ಲೆಕ್ಕದಿಂದ ಪೂರ್ತಿ ತೆಗೆದಿದೆ. ಆಮರ್ಸ್ಟ್ ಸಾಲವನ್ನು ಕೈಬಿಟ್ಟದ್ದು ಅದಕ್ಕೂ ಬಹಳ ಮೊದಲು, 2008ರ ಹೊತ್ತಿಗೆ. ಇಷ್ಟು ಗೊತ್ತಿದ್ದರೆ ಪತ್ರದ ಪ್ರತಿ ಸಾಲೂ ಯಾಕಿದೆ ಎಂದು ತಿಳಿಯುತ್ತದೆ. ಇನ್ನೊಂದು ಪ್ರಶ್ನೆಯನ್ನು ಬರಹದಲ್ಲೇ ಕೇಳಿ: ಮುಂದಿನ ವರ್ಷ ಶುಲ್ಕ ಏರಿದರೆ ಸ್ಕಾಲರ್‌ಶಿಪ್ಪೂ ಏರುತ್ತದೆಯೇ, ವಿದೇಶಿ ವಿದ್ಯಾರ್ಥಿ ಪ್ರತಿ ವರ್ಷ ಮತ್ತೆ ಅರ್ಜಿ ಹಾಕಬೇಕೇ?

ಎರಡೂ ಕಾಲೇಜು ನಿಮ್ಮ ಅಗತ್ಯವನ್ನು ಪೂರ್ತಿ ತುಂಬುವುದಾದರೆ ಅಂಕಿ ಬೇರೆ ಬೇರೆ ಏಕೆ? ಅಗತ್ಯ ಎಷ್ಟು ಎಂದು ನಿರ್ಧರಿಸುವವರು ಅವರೇ. ಮನೆ, ಜಮೀನು, ಚಿನ್ನ, ಅಜ್ಜನ ಔಷಧಿ ಖರ್ಚು ಇವನ್ನು ಒಬ್ಬೊಬ್ಬರು ಒಂದೊಂದು ಥರ ತೂಗುತ್ತಾರೆ. ಕರ್ನಾಟಕದ ಕುಟುಂಬಗಳು ಎಡವುವುದು ಜಮೀನಿನಲ್ಲಿ. ಚಳಿಗಾಲದಲ್ಲಿ ತುಂಬುವ ಸಿಎಸ್‌ಎಸ್ ಪ್ರೊಫೈಲ್ ಎಂಬ ನೆರವಿನ ಅರ್ಜಿ (ಮೊದಲ ಕಾಲೇಜಿಗೆ 25 ಡಾಲರ್, ನಂತರ ಒಂದೊಂದಕ್ಕೆ 16) ಆಸ್ತಿಯ ಬೆಲೆ ಕೇಳುತ್ತದೆ. ತೋಟ ಅಜ್ಜನ ಹೆಸರಿನಲ್ಲಿದೆ, ಪಾಲಾಗಿಲ್ಲ, ಮೂರು ಜನ ಮಕ್ಕಳು. ಇಡೀ ತೋಟದ ಬೆಲೆ ಅಪ್ಪನ ಆಸ್ತಿಯಾಗಿ ಬರೆದುಬಿಟ್ಟರೆ ನೆರವು ಕುಸಿಯುತ್ತದೆ. ಏನೂ ಬರೆಯದೆ ಬಿಟ್ಟು, ಕೃಷಿ ಆದಾಯ ಮಾತ್ರ ಐಟಿ ರಿಟರ್ನ್‌ನಲ್ಲಿ ವಿನಾಯಿತಿ ಆದಾಯವಾಗಿ ಕಂಡರೆ ಸುಳ್ಳು ಹೇಳಿದಂತೆ ಆಗುತ್ತದೆ.

ಇದಕ್ಕೆ ನಾವು ಹಿಡಿದ ದಾರಿ ಇದು. ಪಹಣಿ ತೆಗೆಸಿ 9ನೇ ಕಾಲಂನಲ್ಲಿ ಯಾರ ಹೆಸರಿದೆ ನೋಡಿ. 11ನೇ ಕಾಲಂನಲ್ಲಿ ಸಹಕಾರ ಸಂಘದ ಬೆಳೆಸಾಲವೋ ಬ್ಯಾಂಕಿನ ಅಡಮಾನವೋ ಇದ್ದರೆ ಅದು ನಿಮ್ಮ ಪರವಾದ ದಾಖಲೆ, ಬಿಡಬೇಡಿ. ಬೆಲೆಗೆ ನೋಂದಣಿ ಇಲಾಖೆಯ ಮಾರ್ಗಸೂಚಿ ದರ ಹಿಡಿಯಿರಿ, ಪಕ್ಕದ ತೋಟದವರು ಹೇಳುವ ದರ ಬೇಡ. ಎಲ್ಲ ಕಾಲೇಜಿಗೂ ಅದೇ ಒಂದು ಅಂಕಿ ಹೋಗಬೇಕು. ವಿಶೇಷ ಸಂದರ್ಭ ವಿವರಿಸುವ ಜಾಗದಲ್ಲಿ ನಾಲ್ಕು ವಾಕ್ಯ: ಅವಿಭಕ್ತ ಆಸ್ತಿ, ಇಷ್ಟು ಜನ ಹಕ್ಕುದಾರರು, ಮಾರಲು ಎಲ್ಲರ ಸಹಿ ಬೇಕು, ವರ್ಷಕ್ಕೆ ನಮ್ಮ ಕೈಗೆ ಬರುವುದು ಇಷ್ಟು. ಪಹಣಿಯ ಜೊತೆ ಇಂಗ್ಲಿಷ್ ಅನುವಾದವೂ ಹೋಗಲಿ. ಅರ್ಜಿಯನ್ನು ರೂಪಾಯಿಯಲ್ಲೇ ತುಂಬಬಹುದು, ಆದರೆ ಲಕ್ಷದ ಸೊನ್ನೆಗಳನ್ನು ಇಬ್ಬರು ಕೂತು ಎಣಿಸಿ. ಹತ್ತು ಲಕ್ಷ ಒಂದು ಕೋಟಿಯಾಗಲು ಒಂದು ಸೊನ್ನೆ ಸಾಕು.

ಪತ್ರ ಬಂದ ಮೇಲೂ ಮರುಪರಿಶೀಲನೆ ಕೇಳಬಹುದು. ಚೌಕಾಶಿಯ ಧಾಟಿ ಬೇಡ. 'ಇನ್ನೊಬ್ಬರು ಹೆಚ್ಚು ಕೊಟ್ಟಿದ್ದಾರೆ, ನೀವೂ ಕೊಡಿ' ಎಂಬುದಕ್ಕಿಂತ 'ಅವರು ಈ ಜಮೀನನ್ನು ಹೀಗೆ ಲೆಕ್ಕ ಹಾಕಿದಂತಿದೆ, ನಮ್ಮ ದಾಖಲೆ ಇಲ್ಲಿದೆ, ಮತ್ತೊಮ್ಮೆ ನೋಡುತ್ತೀರಾ' ಎಂಬ ಇಮೇಲ್ ಕೆಲಸ ಮಾಡುತ್ತದೆ. ಹೊಸ ಸಂಗತಿ ಇದ್ದರೆ ಇನ್ನೂ ಒಳ್ಳೆಯದು: ನಿವೃತ್ತಿ, ಆಸ್ಪತ್ರೆ ಬಿಲ್ಲು, ಅಣ್ಣನ ಓದಿನ ಸಾಲ. ಏಪ್ರಿಲ್ ಹತ್ತರೊಳಗೆ ಕಳಿಸಿಬಿಡಿ. ಕಾಯುವ ಆ ಎಂಟು ಹತ್ತು ದಿನ ಮನೆಯಲ್ಲಿ ಯಾರಿಗೂ ಸರಿಯಾಗಿ ನಿದ್ದೆ ಇರುವುದಿಲ್ಲ, ಅದಕ್ಕೆ ಮದ್ದಿಲ್ಲ. ಆ ದಿನಗಳನ್ನು ಕೋರ್ಸುಗಳಿಗೆ ಕೊಡಿ.

ನಿಜವಾದ ವ್ಯತ್ಯಾಸ ಇರುವುದೂ ಅಲ್ಲೇ. ಆಮರ್ಸ್ಟ್‌ನಲ್ಲಿ ಕಡ್ಡಾಯ ಎಂದರೆ ಮೊದಲ ವರ್ಷದ ಒಂದು ಸೆಮಿನಾರ್, ಆಮೇಲೆ ನಿಮ್ಮ ಮೇಜರ್. ಅಷ್ಟೇ. ಗಣಿತ ಬೇಡದವನು ನಾಲ್ಕು ವರ್ಷ ಗಣಿತ ಮುಟ್ಟದೆ ಹೊರಬರಬಹುದು. ವಿಲಿಯಮ್ಸ್‌ನಲ್ಲಿ ಹಾಗಲ್ಲ. ಭಾಷೆ-ಕಲೆ, ಸಮಾಜ ವಿಜ್ಞಾನ, ವಿಜ್ಞಾನ-ಗಣಿತ ಈ ಮೂರು ವಿಭಾಗಗಳಲ್ಲಿ ಮೂರು ಮೂರು ಕೋರ್ಸು ಆಗಲೇಬೇಕು, ಬರವಣಿಗೆಗೂ ಸಂಖ್ಯಾತ್ಮಕ ತರ್ಕಕ್ಕೂ ಬೇರೆ ಷರತ್ತುಗಳಿವೆ. ಪಿಯುಸಿಯಲ್ಲಿ ಪಿಸಿಎಂಬಿ ಬಿಟ್ಟು ಬೇರೇನೂ ಓದದ ಮಕ್ಕಳಿಗೆ ವಿಲಿಯಮ್ಸ್‌ನ ಈ ಕಟ್ಟು ಒಳ್ಳೆಯದು ಎಂದೇ ನನ್ನ ಅಭಿಪ್ರಾಯ. ಬಿಟ್ಟರೆ ಅವರು ಅಭ್ಯಾಸಬಲದಿಂದ ಅದೇ ನಾಲ್ಕು ವಿಷಯಕ್ಕೆ ಹೋಗಿ ಕೂರುತ್ತಾರೆ.

ವಿಲಿಯಮ್ಸ್‌ನ ದೊಡ್ಡ ಆಕರ್ಷಣೆ ಟ್ಯುಟೋರಿಯಲ್. ನಮ್ಮ ಮನೆಪಾಠದ ಟ್ಯೂಷನ್ ಅಲ್ಲ. ಒಬ್ಬ ಪ್ರಾಧ್ಯಾಪಕ, ಇಬ್ಬರೇ ವಿದ್ಯಾರ್ಥಿಗಳು, ವಾರಕ್ಕೊಂದು ಗಂಟೆಯ ಭೇಟಿ. ಈ ವಾರ ಒಬ್ಬಳು ಐದಾರು ಪುಟದ ಪ್ರಬಂಧ ಬರೆದು ಮುಂಚಿತವಾಗಿ ಕಳಿಸಿ ಎದುರಿಗೆ ಮಂಡಿಸುತ್ತಾಳೆ, ಇನ್ನೊಬ್ಬ ಅದನ್ನು ಬಿಡಿಸಿ ಬಿಡಿಸಿ ಪ್ರಶ್ನೆ ಹಾಕುತ್ತಾನೆ. ಮುಂದಿನ ವಾರ ಪಾತ್ರ ಅದಲುಬದಲು. ಗುರುಗಳು ಹೆಚ್ಚಾಗಿ ಕೇಳಿಸಿಕೊಳ್ಳುತ್ತಾರೆ. ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂರಲು ಅಲ್ಲಿ ಬೆಂಚೇ ಇಲ್ಲ.

ಇದಕ್ಕೆ ಎದುರಾಗಿ ಆಮರ್ಸ್ಟ್ ಕೊಡುವುದು ನೆರೆಹೊರೆ. ಸ್ಮಿತ್, ಮೌಂಟ್ ಹೋಲಿಯೋಕ್, ಹ್ಯಾಂಪ್‌ಶೈರ್ ಕಾಲೇಜುಗಳು ಮತ್ತು ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯ ಸೇರಿದ ಐದರ ಕೂಟ ಅದು. ಯಾವುದರಲ್ಲಾದರೂ ಹೆಚ್ಚಿನ ಶುಲ್ಕವಿಲ್ಲದೆ ಕೋರ್ಸು ತೆಗೆದುಕೊಳ್ಳಬಹುದು, ನಡುವೆ ಬಸ್ ಓಡುತ್ತದೆ. ವಿಶ್ವವಿದ್ಯಾಲಯ ಅದೇ ಊರಿನಲ್ಲಿದೆ, ನಡೆದೇ ಹೋಗಬಹುದು. ಸ್ಮಿತ್ ಮತ್ತು ಮೌಂಟ್ ಹೋಲಿಯೋಕ್‌ಗೆ ಬಸ್ ಬೇಕು. ಒಂದೂವರೆ ಗಂಟೆಯ ಕ್ಲಾಸಿಗೆ ಹೋಗಿಬರುವುದು ಸೇರಿ ಅರ್ಧ ದಿನ ಹೋಗುತ್ತದೆ ಎಂದುಕೊಂಡೇ ಟೈಮ್‌ಟೇಬಲ್ ಹಾಕಿ.

ಬ್ರೋಷರ್ ಓದಿ ಇದನ್ನು ತೀರ್ಮಾನಿಸಲು ಆಗುವುದಿಲ್ಲ. ಎರಡೂ ಕಾಲೇಜಿನ ಕೋರ್ಸ್ ಕ್ಯಾಟಲಾಗ್ ಜಾಲತಾಣದಲ್ಲಿದೆ, ಹಿಂದಿನ ವರ್ಷಗಳದ್ದೂ ಸಿಗುತ್ತದೆ. ಎಂಟು ಸೆಮಿಸ್ಟರ್, ನಾಲ್ಕು ನಾಲ್ಕು ಖಾನೆ, ಒಟ್ಟು 32 ಖಾನೆಯ ಚೌಕ ಬರೆದು ನಿಜವಾದ ಕೋರ್ಸಿನ ಹೆಸರುಗಳಿಂದ ತುಂಬಿ. ತುಂಬುವಾಗ ಮೂರು ವರ್ಷದ ಕ್ಯಾಟಲಾಗ್ ಪಕ್ಕದಲ್ಲಿರಲಿ. ಸಣ್ಣ ಕಾಲೇಜಿನ ಗುಟ್ಟು ಆಗ ಗೊತ್ತಾಗುತ್ತದೆ: ಮೇಲಿನ ಹಂತದ ಎಷ್ಟೋ ಕೋರ್ಸು ಎರಡು ವರ್ಷಕ್ಕೊಮ್ಮೆ ಮಾತ್ರ. ಐದಾರು ಜನರ ವಿಭಾಗದಲ್ಲಿ ಇಬ್ಬರು ರಜೆಯಲ್ಲಿ ಸಂಶೋಧನೆಗೆ ಹೋದರೆ ಆ ವರ್ಷ ಆ ವಿಷಯ ಇಲ್ಲವೆಂದೇ ಅರ್ಥ. 'ಈ ವರ್ಷ ಇಲ್ಲ' ಎಂಬ ಸಾಲುಗಳನ್ನು ಕೆಂಪಿನಲ್ಲಿ ಗುರುತಿಸಿ.

ನಮ್ಮ ಹುಡುಗಿಯ ಒಲವು ಭಾಷಾವಿಜ್ಞಾನ. ಆ ಚೌಕ ತುಂಬುವಾಗ ಎರಡು ಕಾಲೇಜಿನ ಒಳಗೆ ನೋಡಿದರೆ ಮೂರನೆಯ ವರ್ಷದಿಂದ ಖಾನೆಗಳು ಖಾಲಿ. ಆಮರ್ಸ್ಟ್‌ನ ಚೌಕಕ್ಕೆ ಪಕ್ಕದ ವಿಶ್ವವಿದ್ಯಾಲಯದ ಕ್ಯಾಟಲಾಗ್ ತಂದಿಟ್ಟಾಗ ತುಂಬಿಹೋಯಿತು. ಅಲ್ಲಿಯ ಭಾಷಾವಿಜ್ಞಾನ ವಿಭಾಗ ಆ ಕ್ಷೇತ್ರದಲ್ಲಿ ದೊಡ್ಡ ಹೆಸರು, ಪದ, ವಾಕ್ಯಗಳ ಅರ್ಥವನ್ನು ಅಧ್ಯಯನ ಮಾಡುವ ಅರ್ಥವಿಜ್ಞಾನಕ್ಕೆ ಹೊಸ ದಾರಿ ಹಾಕಿದ ಬಾರ್ಬರಾ ಪಾರ್ಟಿ ದಶಕಗಳ ಕಾಲ ಪಾಠ ಮಾಡಿದ್ದು ಅಲ್ಲೇ. ಚೌಕ ತುಂಬಿದ ಆ ರಾತ್ರಿಯೇ ಮುಕ್ಕಾಲು ತೀರ್ಮಾನ ಆಗಿತ್ತು. ಒಲವು ಕಲಾ ಇತಿಹಾಸದ್ದಾಗಿದ್ದರೆ ತಕ್ಕಡಿ ಇನ್ನೊಂದು ಕಡೆ ವಾಲುತ್ತಿತ್ತು: ವಿಲಿಯಮ್ಸ್‌ಟೌನ್‌ನಲ್ಲೇ ಕ್ಲಾರ್ಕ್ ಆರ್ಟ್ ಇನ್‌ಸ್ಟಿಟ್ಯೂಟ್ ಇದೆ, ಪಕ್ಕದ ನಾರ್ತ್ ಆಡಮ್ಸ್‌ನಲ್ಲಿ ಆಧುನಿಕ ಕಲೆಯ ಮ್ಯಾಸ್ ಮೋಕಾ. ಗಣಿತವಾದರೂ ಅಷ್ಟೇ, ವಿಲಿಯಮ್ಸ್‌ನ 'ಸ್ಮಾಲ್' ಎಂಬ ಬೇಸಿಗೆ ಸಂಶೋಧನಾ ಶಿಬಿರ ಪದವಿ ಹುಡುಗರ ನಡುವೆ ಬಹಳ ಹೆಸರುವಾಸಿ.

ಜನವರಿಯ ವಿಚಾರ ಯಾವ ಹೋಲಿಕೆ ಪಟ್ಟಿಯಲ್ಲೂ ಇರುವುದಿಲ್ಲ. ವಿಲಿಯಮ್ಸ್‌ನಲ್ಲಿ ಜನವರಿ ಪೂರ್ತಿ 'ವಿಂಟರ್ ಸ್ಟಡಿ', ಒಂದೇ ಕೋರ್ಸು, ಅಂಕದ ಒತ್ತಡವಿಲ್ಲ, ಆದರೆ ಹಾಜರಿರಬೇಕು. ಹಾಗಾಗಿ ಡಿಸೆಂಬರ್ ಪರೀಕ್ಷೆ ಮುಗಿಸಿ ಊರಿಗೆ ಬಂದರೆ ಎರಡು ವಾರ ಆಗುವುದರೊಳಗೆ ವಾಪಸ್ ಹೊರಡಬೇಕು. ಆಮರ್ಸ್ಟ್‌ನಲ್ಲಿ ಬಿಡುವು ಜನವರಿಯೊಳಕ್ಕೂ ಚಾಚುತ್ತದೆ, ಸಂಕ್ರಾಂತಿಯ ಎಳ್ಳುಬೆಲ್ಲ ಮನೆಯಲ್ಲೇ. ವಿಮಾನದ ಟಿಕೆಟ್ಟಿಗೆ ಆ ಕಾಲದಲ್ಲಿ ಲಕ್ಷ ದಾಟುವುದು ಮಾಮೂಲು. ಅಷ್ಟು ಕೊಟ್ಟು ಹತ್ತು ದಿನಕ್ಕೆ ಬರುವುದೋ ಒಂದು ತಿಂಗಳಿಗೆ ಬರುವುದೋ ಎಂಬುದು ಸಣ್ಣ ಪ್ರಶ್ನೆಯಲ್ಲ. ವಿಲಿಯಮ್ಸ್‌ನವರು ಜನವರಿಯನ್ನೇ ವರ್ಷದ ಅತಿ ಒಳ್ಳೆಯ ತಿಂಗಳು ಎನ್ನುತ್ತಾರೆ, ಅದೂ ನಿಜ ಇರಬಹುದು, ಹಿಮ ಇಷ್ಟವಿದ್ದರೆ. ಊರಿನ ಗಾತ್ರವೂ ಇಲ್ಲಿ ಸೇರುತ್ತದೆ. ವಿಲಿಯಮ್ಸ್‌ಟೌನ್‌ನಲ್ಲಿ ಸ್ಪ್ರಿಂಗ್ ಸ್ಟ್ರೀಟ್ ಎಂಬ ಒಂದು ಸಣ್ಣ ಬೀದಿಯೇ ಪೇಟೆ, ಹತ್ತಿರದ ವಿಮಾನ ನಿಲ್ದಾಣ ಆಲ್ಬನಿ, ಗಂಟೆಯ ದಾರಿ. ಆಮರ್ಸ್ಟ್‌ನಿಂದ ಬಸ್ ಹತ್ತಿದರೆ ಹ್ಯಾಡ್ಲಿಯ ದೊಡ್ಡ ಅಂಗಡಿ ಸಾಲು ಸಿಗುತ್ತದೆ.

ಅಲ್ಲಿ ಓದುತ್ತಿರುವ ಭಾರತೀಯ ಮಕ್ಕಳ ಜೊತೆ ಮಾತಾಡಿ, ಪ್ರವೇಶ ಕಚೇರಿಗೆ ಬರೆದರೆ ಸಂಪರ್ಕ ಮಾಡಿಸುತ್ತಾರೆ. 'ಹೇಗಿದೆ ಕಾಲೇಜು' ಎಂದು ಕೇಳಿದರೆ 'ಸೂಪರ್' ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಕಳೆದ ಸೆಮಿಸ್ಟರ್‌ನಲ್ಲಿ ಬೇಕಾದ ಯಾವ ಕೋರ್ಸು ಸಿಗಲಿಲ್ಲ, ನವೆಂಬರ್ ರಜೆಯಲ್ಲಿ ಎಲ್ಲಿದ್ದೆ, ಭಾನುವಾರ ರಾತ್ರಿ ಊಟಕ್ಕೆ ಮಾಂಸ ಬಿಟ್ಟು ಏನಿತ್ತು ಎಂದು ಕೇಳಿ. ಊಟದ ಮೆನು ಜಾಲತಾಣದಲ್ಲೂ ಇರುತ್ತದೆ, ಒಂದು ವಾರದ್ದು ಓದಿ ನೋಡಿ.

ತೀರ್ಮಾನವನ್ನು ಮೇ 1ಕ್ಕೆ ತಳ್ಳಬೇಡಿ. ಒಪ್ಪಿಗೆ ಕೊಟ್ಟ ಮೇಲೆಯೇ ಐ-20 (ವೀಸಾಕ್ಕೆ ಬೇಕಾದ, ಕಾಲೇಜು ಕೊಡುವ ಪತ್ರ) ತಯಾರಾಗುವುದು, ಅದು ಬಂದ ಮೇಲೆಯೇ ವೀಸಾ ಕೆಲಸ. 2025ರ ಮೇ ಕೊನೆಯಲ್ಲಿ ಅಮೆರಿಕ ವಿದ್ಯಾರ್ಥಿ ವೀಸಾದ ಹೊಸ ಸಂದರ್ಶನಗಳ ಬುಕಿಂಗ್ ನಿಲ್ಲಿಸಿ ಜೂನ್ ಮಧ್ಯದವರೆಗೂ ತೆರೆಯಲಿಲ್ಲ. ಮೊದಲೇ ದಿನಾಂಕ ಹಿಡಿದವರ ಸಂದರ್ಶನ ನಡೆಯಿತು. ನಾವು ಏಪ್ರಿಲ್ ಇಪ್ಪತ್ತಕ್ಕೆ ಆಮರ್ಸ್ಟ್‌ಗೆ ಒಪ್ಪಿಗೆ ಕೊಟ್ಟದ್ದರ ಲಾಭ ಆಗ ತಿಳಿಯಿತು. ಎರಡೂ ಕಡೆ ಒಪ್ಪಿಗೆ ಕೊಟ್ಟು ಸೀಟು ಹಿಡಿದಿಡುವ ಬುದ್ಧಿ ಬೇಡ, ಗೊತ್ತಾದರೆ ಎರಡೂ ಹೋಗಬಹುದು.

ಐ-20ಕ್ಕೆ ಮೊದಲ ವರ್ಷದ ನಿಮ್ಮ ಪಾಲು ಖಾತೆಯಲ್ಲಿದೆ ಎಂಬ ಬ್ಯಾಂಕ್ ಪತ್ರ ಬೇಕು. ಜೊತೆಗೆ ಹೆಸರಿನ ತಾಪತ್ರಯ. ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಅಪ್ಪನ ಇನಿಷಿಯಲ್, ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ, ಇದು ನಮ್ಮಲ್ಲಿ ಮನೆಮನೆಯ ಕಥೆ. ಸರ್‌ನೇಮ್ ಇಲ್ಲದಿದ್ದರೆ ಅಮೆರಿಕದ ವೀಸಾದಲ್ಲಿ ಇರುವ ಒಂದೇ ಹೆಸರು ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗದಲ್ಲಿ 'ಎಫ್ಎನ್‌ಯು' ಅಂದರೆ 'ಹೆಸರು ಗೊತ್ತಿಲ್ಲ' ಎಂದು ಕೂರುತ್ತದೆ. ಆಮೇಲೆ ಬ್ಯಾಂಕು, ಲೈಸೆನ್ಸು ಎಲ್ಲದರಲ್ಲೂ ಹುಡುಗಿಯ ಹೆಸರು 'ಎಫ್ಎನ್‌ಯು'. ಪಿಯುಸಿ ಮೊದಲ ವರ್ಷದಲ್ಲೇ ಪಾಸ್‌ಪೋರ್ಟ್ ಸರಿಮಾಡಿಸಿಕೊಳ್ಳಿ. ಐ-20, ಡಿಎಸ್-160 ಎಂಬ ವೀಸಾ ಅರ್ಜಿ, ಪಾಸ್‌ಪೋರ್ಟ್ ಮೂರರಲ್ಲೂ ಹೆಸರು ಅಕ್ಷರಶಃ ಒಂದೇ ಇರಬೇಕು. 2025ರಲ್ಲಿ ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ನೋಂದಣಿ) ಶುಲ್ಕ 350 ಡಾಲರ್, ವೀಸಾ ಶುಲ್ಕ 185 ಇತ್ತು, ಎರಡೂ ಸೇರಿ ನಮಗೆ ಬಿದ್ದದ್ದು ಸುಮಾರು 46 ಸಾವಿರ ರೂಪಾಯಿ. ಸಂದರ್ಶನ ಚೆನ್ನೈನಲ್ಲಿ. ಬೆರಳಚ್ಚು ಒಂದು ದಿನ, ಸಂದರ್ಶನ ಇನ್ನೊಂದು ದಿನ, ಹಾಗಾಗಿ ರಾತ್ರಿ ತಂಗುವ ಖರ್ಚು ಸೇರಿಸಿಕೊಳ್ಳಿ.

ಕೊನೆಯ ಎಡವಟ್ಟು ಬ್ಯಾಂಕಿನಲ್ಲಿ. ಆಮರ್ಸ್ಟ್ ಹೆಸರಿನಲ್ಲಿ ಕಾಲೇಜೂ ಇದೆ, ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಕ್ಯಾಂಪಸ್ಸೂ ಇದೆ. ನಮ್ಮ ಶಿಕ್ಷಣ ಸಾಲದ ಅರ್ಜಿಯಲ್ಲಿ ಬ್ಯಾಂಕಿನ ಪಟ್ಟಿಯಿಂದ ಹೆಸರು ಆರಿಸುವಾಗ ಕೌಂಟರಿನವರು ವಿಶ್ವವಿದ್ಯಾಲಯವನ್ನೇ ಒತ್ತಿದ್ದರು. 'ಕಾಲೇಜು ಅಂದರೆ ಪಿಯು ಅಲ್ಲವಾ ಸಾರ್, ಡಿಗ್ರಿಗೆ ಯೂನಿವರ್ಸಿಟಿನೇ ಇರಬೇಕು' ಎಂಬುದು ಅವರ ವಾದ. ಮಂಜೂರಾತಿ ಪತ್ರ ತಪ್ಪು ಹೆಸರಿನಲ್ಲಿ ಬಂದು, ತಿದ್ದಿಸಲು ಹನ್ನೊಂದು ದಿನ ಹೋಯಿತು. ಐ-20ರ ಮೊದಲ ಪುಟದಲ್ಲಿರುವ ಶಾಲೆಯ ಹೆಸರು ಮತ್ತು ಶಾಲಾ ಕೋಡ್ ಎರಡನ್ನೂ ಅರ್ಜಿಯ ಮೇಲೆ ಬರೆದು ಸಹಿ ಹಾಕಿಸಿಕೊಳ್ಳಿ. ಸಾಲ ಏಳೂವರೆ ಲಕ್ಷ ದಾಟಿದರೆ ಸಾಮಾನ್ಯವಾಗಿ ಆಸ್ತಿ ಅಡಮಾನ ಕೇಳುತ್ತಾರೆ, ತೋಟ ಗದ್ದೆಯನ್ನು ಹೆಚ್ಚಿನ ಬ್ಯಾಂಕುಗಳು ಒಪ್ಪುವುದಿಲ್ಲ. ಮನೆಯ ಇ-ಖಾತಾ ಸಿದ್ಧವಿರಲಿ.

ಹಣ ಕಳಿಸುವಾಗ ಬ್ಯಾಂಕ್ ಸಾಲದಿಂದ ಹೋದ ಮೊತ್ತಕ್ಕೆ 2025ರ ಏಪ್ರಿಲ್‌ನಿಂದ ಟಿಸಿಎಸ್ (ಕಳಿಸುವಾಗಲೇ ಬ್ಯಾಂಕು ಹಿಡಿಯುವ ತೆರಿಗೆ) ಇಲ್ಲ. ಕೈಯಿಂದ ಕಳಿಸಿದರೆ 2025-26ರ ಹಣಕಾಸು ವರ್ಷದಲ್ಲಿ ಹತ್ತು ಲಕ್ಷ ದಾಟಿದ ಭಾಗಕ್ಕೆ ಶೇ. 5 ಇತ್ತು. ಅಂದರೆ 13 ಲಕ್ಷ ಕಳಿಸಿದರೆ 15 ಸಾವಿರ ಹಿಡಿಯುತ್ತಿದ್ದರು. ಅದು ಕಳೆದುಹೋದ ದುಡ್ಡಲ್ಲ, 26ಎಎಸ್ ಎಂಬ ತೆರಿಗೆ ವಿವರಪಟ್ಟಿಯಲ್ಲಿ ಯಾರ ಪ್ಯಾನ್‌ಗೆ ಬಂದಿದೆ ನೋಡಿ ರಿಟರ್ನ್‌ನಲ್ಲಿ ವಾಪಸ್ ಕೇಳಬಹುದು. ವರ್ಗಾವಣೆ ಫಾರಂನಲ್ಲಿ ಮಧ್ಯದ ಬ್ಯಾಂಕುಗಳ ಶುಲ್ಕ ಕಳಿಸುವವರದ್ದೇ ಎಂದು ಗುರುತು ಹಾಕಿ. ಇಲ್ಲದಿದ್ದರೆ ಕಾಲೇಜಿಗೆ ಹದಿನೈದು ಇಪ್ಪತ್ತು ಡಾಲರ್ ಕಡಿಮೆ ತಲುಪಿ, ಆ ಚಿಲ್ಲರೆಗಾಗಿ ಮತ್ತೊಮ್ಮೆ ಸಾವಿರ ರೂಪಾಯಿ ಶುಲ್ಕ ಕೊಟ್ಟು ಕಳಿಸಬೇಕಾಗುತ್ತದೆ.